ಮದ್ದಳೆ ಕಾಯಿಸಿದ ದಿನ

ಮದ್ದಳೆಗೆ ಮೈಕ್ ಹಿಡಿಯುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗೋದಾಮಿನಿಂದ ಮದುವೆಗಳಿಗೆ, ಶೋರೂಮ್ ಉದ್ಘಾಟನೆಗಳಿಗೆ, ಶಾಲೆಗಳ ವಾರ್ಷಿಕೋತ್ಸವಕ್ಕೆ ಸೌಂಡ್ ಕೊಟ್ಟು ಕೊಟ್ಟು ನನ್ನ ಕಿವಿಗೆ ಪಳಗಿದ್ದದ್ದು ಕೀಬೋರ್ಡು ಮತ್ತು ಡ್ರಮ್ ಸೆಟ್ಟು. ನಾನು ಬಾಗಲಕೋಟೆ ಕಡೆಯವನು. ಯಕ್ಷಗಾನ ಅಂದರೆ ಕರಾವಳಿಯವರು ಕಿರೀಟ ಕಟ್ಟಿಕೊಂಡು ಕುಣಿಯುವ ಆಟ ಎಂಬುದಷ್ಟೇ ನನ್ನ ತಿಳುವಳಿಕೆ. ಹೀಗಿರುವಾಗ ಕನ್ನಡಿಗರ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ಫೋನ್ ಮಾಡಿದರು.

"ಫೈಲಕಾ ದ್ವೀಪದಲ್ಲಿ ನಮ್ಮ ಫ್ಯಾಮಿಲಿ ಡೇ ಉಂಟು. ಮಕ್ಕಳ ಯಕ್ಷಗಾನ ಇಟ್ಟಿದ್ದೇವೆ. ನೀವೇ ಬರ್ಬೇಕು. ಕನ್ನಡ ಗೊತ್ತಿರುವ ಸೌಂಡಿನವರು ಬೇರೆ ಯಾರಿದ್ದಾರೆ ಇಲ್ಲಿ?"

"ಆತ್ರಿ ಅಕ್ಕಾರ, ಬರ್ತೇನಿ" ಅಂದುಬಿಟ್ಟೆ. ಹೊಗಳಿದರೆ ಸಾಕು, ನಾನು ಉಬ್ಬುವ ಜಾತಿ.

ಈ ಕಾರ್ಯದರ್ಶಿ ಅಕ್ಕ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸು. ಇಗರ್ಜಿಯ ಹಾಡಿನ ತಂಡದಲ್ಲಿ ಪಳಗಿದ ಗಂಟಲು. ಆ ಗಂಟಲಿಗೆ ಯಕ್ಷಗಾನದ ಪದ ಕಲಿಸಿ, ಕೈಗೆ ತಾಳ ಕೊಟ್ಟು ಭಾಗವತರನ್ನಾಗಿ ಕೂರಿಸಿದವರು ಒಬ್ಬ ಮಾಸ್ಟ್ರು. ಅವರು ಶುವೈಖ್ ಬಂದರಿನ ಗೋದಾಮಿನಲ್ಲಿ ಸರಕು ಎಣಿಸುವ ಕೆಲಸದವರು, ಕುಂದಾಪುರದ ಕಡೆಯವರು. ಎರಡು ವರ್ಷದಿಂದ ಪ್ರತಿ ಶುಕ್ರವಾರ ಬ್ನೇದ್ ಅಲ್ ಗಾರ್‌ನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಟು ಮಕ್ಕಳಿಗೆ ಕುಣಿತ ಕಲಿಸುತ್ತಿದ್ದರು. ಚೆಂಡೆ ಇರಲಿಲ್ಲ. ತಂದ ಮೊದಲ ದಿನವೇ ಕಟ್ಟಡ ಕಾಯುವ ಹಾರಿಸ್ ಓಡಿಬಂದು, "ಖಲಾಸ್, ಖಲಾಸ್! ಪೊಲೀಸರು ಬರುತ್ತಾರೆ" ಎಂದು ಬಾಯಿ ಬಡಿದುಕೊಂಡಿದ್ದನಂತೆ. ಹಾಗಾಗಿ ಉಳಿದದ್ದು ಮಾಸ್ಟ್ರ ಒಂದೇ ಒಂದು ಮದ್ದಳೆ. ಊರಿನಿಂದ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ವಿಮಾನದಲ್ಲಿ ತಂದದ್ದು.

ನಾನು ಮೊದಲ ಸಲ ತಾಲೀಮಿಗೆ ಹೋದಾಗ ಅವರ ಕಂಪನಿಯ ಗುತ್ತಿಗೆ ಮುಗಿದಿತ್ತು. ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮತ್ತೆ ಆಗುವುದಿಲ್ಲ, ವಯಸ್ಸು ದಾಟಿದೆ. ದ್ವೀಪದ ಕಾರ್ಯಕ್ರಮ ಆಗಿ ಹತ್ತು ದಿನಕ್ಕೆ ಊರಿಗೆ ಟಿಕೆಟ್.

"ನಾನು ಹೋದ ಮೇಲೆ ಇಲ್ಲಿ ಮದ್ದಳೆ ಹಿಡಿಯುವವರಿಲ್ಲ ಮಾರಾಯ್ರೆ" ಅಂದರು. "ಮಕ್ಕಳು ಒಂದು ಸಲ ಬಣ್ಣ ಹಚ್ಚಿ ರಂಗಕ್ಕೆ ಬರ್ಬೇಕು. ನೆಲಮಾಳಿಗೆಯಲ್ಲಿ ಕಲಿತದ್ದು ಮರೆತು ಹೋಗ್ತದೆ. ರಂಗದಲ್ಲಿ ಕುಣಿದದ್ದು ಸಾಯುವವರೆಗೆ ಮರೆಯುದಿಲ್ಲ. ಅದೊಂದು ಆದ್ರೆ ಸಾಕು ನನಗೆ."

ಮಕ್ಕಳಿಗೆ ಅವರು 'ಮಾಸ್ಟರ್ ಅಂಕಲ್'. ಅವರು ಕನ್ನಡದಲ್ಲಿ ಬೈದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಮುಖ್ಯ ಪುಂಡುವೇಷ, ಅಂದರೆ ಎಳೆ ವಯಸ್ಸಿನ ವೀರನ ಪಾತ್ರ, ಅಕ್ಕನ ಹನ್ನೊಂದು ವರ್ಷದ ಮಗಳದು. ಧೀಂಗಿಣ ಎಂಬ ಸುತ್ತು ಹೊಡೆಯುವ ಜಿಗಿತದಲ್ಲಿ ಆ ಹುಡುಗಿ ಪ್ರತಿ ಸಲವೂ ಒಂದೊಂದು ತರಹ ನೆಲಕ್ಕಿಳಿಯುತ್ತಿದ್ದಳು. ಕೆಲವೊಮ್ಮೆ ಆರು ಸುತ್ತು, ಕೆಲವೊಮ್ಮೆ ಒಂಬತ್ತು. ಮಾಸ್ಟ್ರು ಅವಳ ಕಾಲಿನಿಂದ ಕಣ್ಣು ಕೀಳದೆ ಅದೇ ಪೆಟ್ಟನ್ನು ತಿರುತಿರುಗಿ ಬಾರಿಸುತ್ತ ಕಾದು, ಅವಳ ಪಾದ ಊರಿದ ಗಳಿಗೆಗೆ ಮುಕ್ತಾಯ ಕೊಡುತ್ತಿದ್ದರು. ನೋಡಿದವರಿಗೆ ಹುಡುಗಿಯೇ ತಾಳಕ್ಕೆ ಸರಿಯಾಗಿ ಇಳಿದಳು ಅನ್ನಿಸುತ್ತಿತ್ತು.

ಎರಡು ತಾಲೀಮುಗಳನ್ನು ನಾನು ಪೂರ್ತಿ ರೆಕಾರ್ಡ್ ಮಾಡಿಕೊಂಡೆ. ಮದ್ದಳೆಯ ಬಲಮುಖಕ್ಕೊಂದು, ಎಡಮುಖಕ್ಕೊಂದು ಮೈಕ್, ಹಾಡಿಗೆ ಬೇರೆ. ಗೋದಾಮಿನಲ್ಲಿ ಕೂತು ಕೇಳಿ, ಯಾವ ಸ್ವರ ಕಿರುಚುತ್ತದೆ, ಯಾವುದು ಗುಂಯ್‌ಗುಡುತ್ತದೆ ಎಂದು ಮೊದಲೇ ಸರಿಮಾಡಿಕೊಳ್ಳುವುದು ನನ್ನ ಪದ್ಧತಿ. ಆ ರೆಕಾರ್ಡಿಂಗ್ ಇನ್ನೊಂದು ಕೆಲಸಕ್ಕೆ ಬರುತ್ತದೆಂದು ಆಗ ಅಂದುಕೊಂಡಿರಲಿಲ್ಲ.

ಫ್ಯಾಮಿಲಿ ಡೇಯ ಶುಕ್ರವಾರ ಬೆಳಗಿನ ಮೊದಲ ದೋಣಿಗೆ ಸಾಮಾನಿನ ಜೊತೆ ನಾನು ಮತ್ತು ಮಾಸ್ಟ್ರು ಹೊರಟೆವು. ಸಮುದ್ರದ ಮೇಲೆ ದಟ್ಟ ಮಂಜು. ಕೈಗಂಬಿ ಮುಟ್ಟಿದರೆ ನೀರು ತೊಟ್ಟಿಕ್ಕುತ್ತಿತ್ತು. ಸ್ಪೀಕರುಗಳಿಗೆ ಹೊದಿಸಲು ನನ್ನ ಹತ್ತಿರ ಪ್ಲಾಸ್ಟಿಕ್ ಹಾಳೆ ಇತ್ತು, ಮದ್ದಳೆಗೆ ಇದ್ದದ್ದು ಹೂವಿನ ಚಿತ್ತಾರದ ಒಂದು ಹಳೆಯ ಬೆಡ್‌ಶೀಟ್. ಒಂದು ಹಾಳೆ ಅವರಿಗೆ ಕೊಡಬಹುದಿತ್ತು. ಹೊಳೆಯಲಿಲ್ಲ. ಬಾಡಿಗೆ ಸಾಮಾನಿಗೆ ನೀರು ಬಿದ್ದರೆ ಕಂಪನಿ ನಡೆಸುವ ಮುದೀರ್ ನನ್ನ ಚರ್ಮ ಸುಲಿಯುತ್ತಾನೆ ಎಂಬ ಚಿಂತೆಯಲ್ಲೇ ಇದ್ದೆ.

ದ್ವೀಪ ಅಂದರೆ ಹಸಿರು, ತೆಂಗು, ತಂಗಾಳಿ ಎಂದು ಸಂಘದವರು ಆಮಂತ್ರಣ ಪತ್ರಿಕೆಯಲ್ಲಿ ಬಣ್ಣ ಬಣ್ಣದಲ್ಲಿ ಅಚ್ಚು ಹಾಕಿಸಿದ್ದರು. ಅಲ್ಲಿದ್ದದ್ದು ಬೂದು ಮರಳು, ಯುದ್ಧದಲ್ಲಿ ತೂತುಬಿದ್ದ ಗೋಡೆಗಳ ಮನೆಗಳು, ನಾಲ್ಕು ಒಂಟೆ. ಆ ಕೊರತೆ ನೀಗಿಸಲು ಹನ್ನೆರಡು ಪ್ಲಾಸ್ಟಿಕ್ ತೆಂಗಿನ ಮರ ನಮ್ಮ ಜೊತೆ ದೋಣಿ ಹತ್ತಿ ಬಂದಿದ್ದವು. ಇದೊಂದು ದೊಡ್ಡ ನಾಟಕ ಕಣಪ್ಪಾ ಅಂದುಕೊಂಡು ನಾನು ಅವನ್ನೂ ಮರಳಿನಲ್ಲಿ ಹೂಳಿ ನಿಲ್ಲಿಸಿದೆ.

ಕೆಲಸ ಶುರುವಿನಿಂದಲೇ ಕೈಕೊಟ್ಟಿತು. ಜನರೇಟರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುವ ಸದ್ದು. ಮರಳಿನಲ್ಲಿ ಅರ್ಥಿಂಗ್ ಕಂಬಿ ಹಿಡಿಯುತ್ತಿರಲಿಲ್ಲ. ಬಕೆಟ್‌ಗಟ್ಟಲೆ ಸಮುದ್ರದ ನೀರು ಹೊತ್ತು ತಂದು ಕಂಬಿಯ ಬುಡಕ್ಕೆ ಸುರಿದೆ. ಐದನೆಯ ಬಕೆಟ್ಟಿಗೆ ಸದ್ದು ನಿಂತಿತು. ಅಷ್ಟರಲ್ಲಿ ಮಂಜು ಸರಿದು ಗಾಳಿ ಎದ್ದಿತು. ಎತ್ತರಕ್ಕೆ ಕಟ್ಟಿದ್ದ ಸ್ಪೀಕರುಗಳನ್ನು ಇಳಿಸಿ, ಮರಳು ಚೀಲ ಹೇರಿ, ಮೈಕುಗಳಿಗೆಲ್ಲ ಸ್ಪಂಜಿನ ಟೊಪ್ಪಿಗೆ ಹಾಕಿದೆ. ಬೆನ್ನು ಮುರಿದುಹೋಗಿತ್ತು. ಆಮೇಲೆ ಮದ್ದಳೆಯ ಸರದಿ ಬಂತು.

ಮಾಸ್ಟ್ರು ಬಟ್ಟೆ ಬಿಚ್ಚಿ ಒಂದು ಪೆಟ್ಟು ಹಾಕಿದರು. ದಬ್ ಎಂದಿತು. ಒದ್ದೆ ಗೋಣಿಗೆ ಹೊಡೆದ ಹಾಗೆ.

"ತಂಡಿ ಹಿಡಿದಿದೆ" ಅಂದರು, ಗಾಬರಿಯೇನೂ ಇಲ್ಲದೆ. "ಒಂದು ಗಂಟೆ ಟೆಂಟಿನೊಳಗೆ ಗಾಳಿಗೆ ಇರ್ಲಿ. ಅದು ತಾನಾಗಿ ಬರ್ತದೆ. ಆಮೇಲೆ ಬಾರಿನಡಿಯ ಮರದ ಗಟ್ಟಿಗಳಿಗೆ ಸುತ್ತಿಗೆಯಲ್ಲಿ ಪೆಟ್ಟು ಹಾಕಿ ನಾನೇ ಶ್ರುತಿ ಮಾಡ್ತೇನೆ. ನೀವು ಮುಟ್ಟುದು ಬೇಡ, ಆಯ್ತಾ?"

"ಆತ್ರಿ."

ಕುಟುಂಬಗಳ ದೋಣಿ ಬರುವ ಹೊತ್ತಾಗಿತ್ತು. ಮಕ್ಕಳಿಗೆ ಬಣ್ಣ ಹಚ್ಚಬೇಕು, ಪಗಡಿ ಕಟ್ಟಬೇಕು, ಅದಕ್ಕೇ ಎರಡು ತಾಸು ಬೇಕು. ಮಾಸ್ಟ್ರು ಜೆಟ್ಟಿಯ ಕಡೆಗೆ ನಡೆದರು. ನಾನು ಕೇಬಲ್ ತುದಿಗಳಿಗೆ ಪ್ಲಾಸ್ಟಿಕ್ ಕವಚ ಸುತ್ತುತ್ತ ಕೂತೆ. ಆ ಕವಚ ಕುಗ್ಗಿಸಲು ಬಿಸಿಗಾಳಿ ಉಗುಳುವ ಹೀಟ್ ಗನ್ ಬೇಕಾಗುತ್ತದೆ. ಅದು ನನ್ನ ಕೈಯಲ್ಲೇ ಇತ್ತು. ಮದ್ದಳೆ ನನ್ನ ಎದುರಿಗೇ ಇತ್ತು.

ಇರಲಾರದವನು ಇರುವೆ ಬಿಟ್ಟುಕೊಂಡ ಅಂತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ನಮ್ಮೂರಲ್ಲಿ ಹೋಳಿ ಹುಣ್ಣಿಮೆಗೆ ಹಲಗಿ ಬಾರಿಸುವವರ ಗುಂಪಿನಲ್ಲಿ ನಾನು ಮುಂದಿನ ಸಾಲಿನವನು. ಹಲಗಿ ಎಂದೂ ತಣ್ಣಗೆ ಬಾರಿಸುವುದಿಲ್ಲ. ಓಣಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಬೇಕು. ಬಿಸಿ ತಾಗಿದಂತೆ ಅದು ಬಿಗಿಯುತ್ತದೆ, ದಬ್ ಅನ್ನುತ್ತಿದ್ದದ್ದು ಠಣ್ ಅನ್ನುತ್ತದೆ. ಬಾರಿಸುವವನಿಗೆ ಮೊದಲು ಕಾಯಿಸಲು ಬರಬೇಕು ಎಂದು ನಮ್ಮ ಓಣಿಯ ಹಿರಿಯರು ಬೈದು ಬೈದು ಕಲಿಸಿದ್ದರು. ಮಾಸ್ಟ್ರು ದೊಡ್ಡವರು ನಿಜ, ಆದರೆ ಚರ್ಮ ಅಂದರೆ ಚರ್ಮವೇ ತಾನೇ? ಒಂದು ಗಂಟೆ ಯಾಕೆ ಕಾಯಬೇಕು? ಅವರು ಬರುವುದರೊಳಗೆ ಸರಿಮಾಡಿಟ್ಟರೆ "ಭಲೆ" ಅಂದಾರು. ಹೀಗೆ ಯೋಚಿಸಿದೆ. ನಿಜ ಹೇಳಬೇಕೆಂದರೆ ಆ 'ಭಲೆ'ಯ ಆಸೆಯೇ ಹೆಚ್ಚಾಗಿತ್ತು.

ಮೊದಲು ಎಡಮುಖಕ್ಕೆ ಹಿಡಿದೆ. ದೂರದಿಂದ, ಸುತ್ತಲೂ ಆಡಿಸುತ್ತ. ಬೆರಳು ಬಡಿದು ನೋಡಿದರೆ ದನಿ ಏರಿತ್ತು! ಖುಷಿಯಿಂದ ಒಬ್ಬನೇ ನಕ್ಕೆ. ಆಮೇಲೆ ಬಲಮುಖ. ಅದರ ನಡುವೆ ಅಂಗೈಯಗಲದ ಕಪ್ಪು ವೃತ್ತವಿರುತ್ತದೆ, ಕರ್ಣೆ ಅನ್ನುತ್ತಾರೆ. ಅನ್ನಕ್ಕೆ ಕಬ್ಬಿಣದ ಕಿಟ್ಟದ ಪುಡಿ ಕಲಸಿ, ಪದರದ ಮೇಲೆ ಪದರ ಉಜ್ಜಿ ಉಜ್ಜಿ ಕೂರಿಸಿದ್ದು. ಮದ್ದಳೆಯ ನಾದವೆಲ್ಲ ಅದರಲ್ಲೇ ಇದೆ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಹಲಗಿಗೆ ಕರ್ಣೆ ಇರುವುದಿಲ್ಲ.

ಬಿಸಿ ಹಿಡಿದ ಅರ್ಧ ನಿಮಿಷಕ್ಕೆ ಚಿಟ್ ಎಂದಿತು. ನೋಡಿದರೆ ಕರ್ಣೆಯ ನಡುವೆ ಕೂದಲೆಳೆಯಂಥ ಒಂದು ಬಿರುಕು. ಗನ್ ಕೆಳಗಿಟ್ಟೆ. ಬಿರುಕು ತಾನಾಗಿಯೇ ಓಡಿತು, ಕವಲೊಡೆಯಿತು. ಹೆದರಿ ಹೆಬ್ಬೆರಳಿನಿಂದ ಒತ್ತಿದೆ. ನಾಲ್ಕಾಣೆಯಗಲದ ಒಂದು ಚಕ್ಕೆ ಎದ್ದು ಬಂದು ನನ್ನ ಬೆರಳಿಗೇ ಅಂಟಿಕೊಂಡಿತು. ಅದರ ಹಿಂದೆಯೇ ಇನ್ನೊಂದು. ಮೆಲ್ಲಗೆ ಬಡಿದು ನೋಡಿದೆ. ನಾದ ಸತ್ತುಹೋಗಿತ್ತು.

ಚಕ್ಕೆಗಳನ್ನು ಮತ್ತೆ ಕೂರಿಸಲು ನೋಡಿದೆ, ಕೂರಲಿಲ್ಲ. ಹೊರಗೆ ಮಕ್ಕಳ ಗಲಾಟೆ ಕೇಳಿಸಿತು, ದೋಣಿ ಬೇಗ ಬಂದಿತ್ತು. ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಚಕ್ಕೆಗಳನ್ನು ಮದ್ದಳೆಯ ಮೇಲೆಯೇ ಇಟ್ಟು, ಬೆಡ್‌ಶೀಟನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ, ಅದು ಮೊದಲಿದ್ದ ಜಾಗದಲ್ಲೇ ಇಟ್ಟೆ. ಗನ್ನನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ.

ಐದು ನಿಮಿಷವೂ ಆಗಿರಲಿಲ್ಲ, ಶ್ರುತಿ ಮಾಡಲು ನನ್ನ ಸುತ್ತಿಗೆ ಕೇಳಲೆಂದು ಮಾಸ್ಟ್ರು ಬಂದರು. ಜೊತೆಗೆ ಅಕ್ಕ. ಗಂಟು ಬಿಚ್ಚಿ, ಅಂಗೈಯನ್ನು ಚರ್ಮದ ಮೇಲಿಟ್ಟು ಅವರು ಕೂತರು. ಕೈ ತೆಗೆಯಲೇ ಇಲ್ಲ.

"ಎಂತ ಆಯ್ತು ಮಾಸ್ಟ್ರೆ?" ಅಕ್ಕ ಬಗ್ಗಿ ನೋಡಿದರು. "ದೆವಾ ಮ್ಹಜ್ಯಾ! ಇದು ಹೇಗಾಯ್ತು?"

ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಬಾಯಿ ಬಿಟ್ಟೆ. "ಹವಾ ರೀ ಅಕ್ಕಾರ. ದೋಣ್ಯಾಗ ಭಾಳ ತಂಪು ಹಿಡದಿತ್ತು. ಈ ದ್ವೀಪದ ಹವಾನ ಹಂಗ."

ಮಾಸ್ಟ್ರು ತಲೆಯೆತ್ತಿ ನನ್ನ ಮುಖ ನೋಡಿದರು. "ಹೌದು. ಹವೆ" ಅಂದರು.

ಅಲ್ಲಿಗೆ ಮಾತು ಮುಗಿಯಿತು. ನನಗೆ ಆ ಹೊತ್ತಿಗೆ ಅನ್ನಿಸಿದ್ದು, ಬಚಾವಾದೆ ಎಂದು. ಥೂ ನನ್ನ ಜನ್ಮಕ್ಕೆ.

ಇನ್ನೇನು ಮಾಡುವುದು? ಇನ್ನೊಂದು ಮದ್ದಳೆ ಇಡೀ ಕುವೈತಿನಲ್ಲಿ ಇದ್ದರೂ ನಾವಿದ್ದದ್ದು ಸಮುದ್ರದ ನಡುವೆ. ಹೊರಗೆ ತಾಯಂದಿರು ಮಕ್ಕಳ ಮುಖಕ್ಕೆ ಬಣ್ಣ ಹಚ್ಚತೊಡಗಿದ್ದರು. ಅಕ್ಕ ಕಣ್ಣೊರೆಸಿಕೊಂಡು, "ಕ್ಯಾನ್ಸಲ್ ಮಾಡುವನಾ?" ಅಂದರು. ನನ್ನ ತಲೆ ಆಗ ಸಿಕ್ಕಿಬಿದ್ದ ಕಳ್ಳನ ತಲೆಯ ಹಾಗೆ ಚುರುಕಾಗಿತ್ತು. ತಾಲೀಮಿನ ರೆಕಾರ್ಡಿಂಗ್ ನನ್ನ ಲ್ಯಾಪ್‌ಟಾಪಿನಲ್ಲಿದೆ, ಮದ್ದಳೆಯನ್ನಷ್ಟೇ ಬೇರೆ ಮಾಡಿ ಬಿಡಬಹುದು, ಹಾಡು ಅಕ್ಕ ಹಾಡಲಿ, ಜನಕ್ಕೆ ಗೊತ್ತೇ ಆಗುವುದಿಲ್ಲ ಅಂದೆ.

ಮಾಸ್ಟ್ರು ತಲೆಯಾಡಿಸಿದರು. "ಮದ್ದಳೆ ಬಾರಿಸುದು ಮಕ್ಕಳ ಕಾಲು ನೋಡಿ. ನಿಮ್ಮ ಡಬ್ಬಿ ಯಾರ ಕಾಲು ನೋಡ್ತದೆ?"

"ಬ್ಯಾರೆ ದಾರಿ ಏನೈತ್ರಿ ಮಾಸ್ತರ?"

ಅವರು ಟೆಂಟಿನಾಚೆ ಬಣ್ಣಕ್ಕೆ ಕೂತ ಮಕ್ಕಳ ಕಡೆ ನೋಡಿದರು. ಕೊನೆಗೆ, "ಬಣ್ಣ ಹಚ್ಚಲಿಕ್ಕೆ ಶುರುವಾಗಿದೆ. ಬಣ್ಣ ಮುಟ್ಟಿದ ಮೇಲೆ ಆಟ ಬಿಡ್ಲಿಕ್ಕಿಲ್ಲ. ಮಾಡಿ. ಆದ್ರೆ ನಾನು ರಂಗದಲ್ಲಿ ಇದನ್ನೇ ಹಿಡ್ಕೊಂಡು ಕೂರ್ತೇನೆ. ನನ್ನ ಕೈ ಕಾಣದಿದ್ರೆ ಆ ಮಕ್ಕಳು ಹೆದರ್ತವೆ" ಅಂದರು.

ಆಟ ಶುರುವಾಯಿತು. ಜನ ಚಾಪೆಯ ಮೇಲೆ, ಕುರ್ಚಿಯ ಮೇಲೆ, ಕಬಾಬಿನ ತಟ್ಟೆ ಹಿಡಿದು ಕೂತಿದ್ದರು. ಸಣ್ಣ ಮಕ್ಕಳ ಮೊದಲ ಕುಣಿತ ಸರಳವಾದದ್ದು, ಹೇಗೋ ಪಾರಾಯಿತು. ಚಪ್ಪಾಳೆ ಬಿತ್ತು. ಮಾಸ್ಟ್ರ ಕೈ ಸತ್ತ ಮದ್ದಳೆಯ ಮೇಲೆ ಆಡುತ್ತಿತ್ತು, ಸದ್ದು ನನ್ನ ಸ್ಪೀಕರಿನಿಂದ ಬರುತ್ತಿತ್ತು. ಜೀವಮಾನವಿಡೀ ಬಾರಿಸಿದ ಮನುಷ್ಯ ಈಗ ಬಾರಿಸುವ ನಟನೆ ಮಾಡುತ್ತ ಕೂತಿದ್ದರು. ಅವರನ್ನು ಹಾಗೆ ಕೂರಿಸಿದವನು ನಾನು.

ಆಮೇಲೆ ಪುಂಡುವೇಷ ಬಂತು. ಹುಡುಗಿ ಪದ್ಧತಿಯಂತೆ ಮದ್ದಳೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕುಣಿತ ಚೆನ್ನಾಗಿಯೇ ನಡೆದಿತ್ತು. ಧೀಂಗಿಣಕ್ಕೆ ಹಾರಿದಳು. ಒಂದು, ಎರಡು, ಮೂರು... ಗಾಳಿ ಜೋರಿತ್ತು, ರಂಗದ ಹಲಗೆಯ ಮೇಲೆ ಮರಳಿತ್ತು, ಆರನೆಯ ಸುತ್ತಿಗೆ ಕಾಲು ಜಾರಿತು. ಬೀಳಲಿಲ್ಲ, ಸಾವರಿಸಿಕೊಂಡು ಮತ್ತೆ ಹಾರಿದಳು. ನೆಲಮಾಳಿಗೆಯಲ್ಲಾಗಿದ್ದರೆ ಮದ್ದಳೆ ಅವಳಿಗಾಗಿ ಕಾಯುತ್ತಿತ್ತು. ನನ್ನ ಡಬ್ಬಿ ಕಾಯಲಿಲ್ಲ. ಅವಳಿನ್ನೂ ಗಾಳಿಯಲ್ಲಿರುವಾಗಲೇ ಮುಕ್ತಾಯ ಹೊಡೆದು ಮುಂದಿನ ನಡೆಗೆ ಓಡಿತು. ಹುಡುಗಿ ಅದರ ಹಿಂದೆ ಓಡಿದಳು, ಸಿಗಲಿಲ್ಲ. ಮಾಸ್ಟ್ರ ಕೈ ನೋಡಿದಳು. ಆ ಕೈ ಅವಳ ಕಾಲನ್ನೇ ಅನುಸರಿಸಿ ಇನ್ನೂ ಅದೇ ಪೆಟ್ಟು ಬಾರಿಸುತ್ತ ಕಾಯುತ್ತಿತ್ತು. ಕಣ್ಣಿಗೊಂದು ತಾಳ, ಕಿವಿಗೊಂದು ತಾಳ. ಅವಳು ನಿಂತುಬಿಟ್ಟಳು.

ಅವಳ ಎದೆಗೆ ಮೈಕ್ ಸಿಕ್ಕಿಸಿದವನೂ ನಾನೇ. ಹಾಗಾಗಿ ಅವಳು ಮೆಲ್ಲಗೆ ಅಂದದ್ದು ಇಡೀ ದ್ವೀಪಕ್ಕೆ ಕೇಳಿಸಿತು.

"ಮಾಸ್ಟರ್ ಅಂಕಲ್, ದಟ್ಸ್ ನಾಟ್ ಯೂ."

ಜನ ಗೊಳ್ಳೆಂದು ನಕ್ಕರು. ಮಗು ಏನೋ ತಮಾಷೆ ಮಾಡಿತು ಅಂದುಕೊಂಡಿರಬೇಕು.

ನನ್ನ ಬೆರಳು ರೆಕಾರ್ಡಿಂಗಿನ ಸದ್ದು ಏರಿಸಿ ಇಳಿಸುವ ಜಾರುಗುಂಡಿಯ ಮೇಲಿತ್ತು. ಮುಂದುವರಿಸಬಹುದಿತ್ತು. ಇನ್ನು ನಾಲ್ಕು ನಿಮಿಷದಲ್ಲಿ ಟ್ರ್ಯಾಕ್ ತಾನಾಗಿ ಮುಗಿಯುತ್ತಿತ್ತು, ಅವಳು ಏನೋ ಒಂದು ಕುಣಿದು ಒಳಗೆ ಹೋಗುತ್ತಿದ್ದಳು, ಜನ ಚಪ್ಪಾಳೆ ತಟ್ಟುತ್ತಿದ್ದರು. ಗುಂಡಿಯನ್ನು ಪೂರ್ತಿ ಕೆಳಗೆ ಎಳೆದೆ. ಸೌಂಡಿನವನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಒಂದು ಕ್ಷಣ ಗಾಳಿಯದಷ್ಟೇ ಸದ್ದು. ಆಮೇಲೆ ಆ ಒಡೆದ ಮದ್ದಳೆ ಕೇಳಿಸಿತು, ತಪ್, ತಪ್, ತಪ್. ಅಕ್ಕನಿಗೆ ಕೂಡಲೇ ಅರ್ಥವಾಯಿತು, ತಾಳ ಗಟ್ಟಿಯಾಗಿ ಹಿಡಿದು ಪದ ಎತ್ತಿದರು. ಹುಡುಗಿ ಉಸಿರೆಳೆದುಕೊಂಡು ಹಾರಿದಳು. ಏಳು, ಎಂಟು, ಒಂಬತ್ತು, ಹತ್ತು. ಪಾದ ಊರಿದ ಗಳಿಗೆಗೆ ತಪ್ ಎಂದು ಮುಕ್ತಾಯ ಬಿತ್ತು.

ಇದನ್ನು ಕಂಡು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು ಎಂದು ಬರೆಯಬೇಕೆಂದು ಆಸೆಯಾಗುತ್ತದೆ. ಹಾಗೇನೂ ಆಗಲಿಲ್ಲ. ಸತ್ತ ಮದ್ದಳೆಗೆ ನಾನು ಮೈಕ್ ಇಟ್ಟಿರಲಿಲ್ಲ, ಮುಂದಿನ ಎರಡು ಸಾಲಿನಿಂದಾಚೆ ಅದರ ಪೆಟ್ಟು ಕೇಳಿಸುತ್ತಿರಲಿಲ್ಲ. "ಸೌಂಡ್! ಓ ಭಾಯಿ, ಸೌಂಡ್!" ಎಂದು ಹಿಂದಿನಿಂದ ಕೂಗು. ಸಿಳ್ಳೆ. ಅಷ್ಟರಲ್ಲಿ ದೋಣಿಯವರು ಬಂದು, ಗಾಳಿ ಹೆಚ್ಚುತ್ತಿದೆ, ದೋಣಿ ಈಗಲೇ ಬಿಡಬೇಕು, ಯಲ್ಲಾ ಯಲ್ಲಾ ಎಂದರು. ಜನ ಚಾಪೆ ಸುತ್ತಿಕೊಂಡು ಜೆಟ್ಟಿಯ ಕಡೆಗೆ ಓಡಿದರು. ಪ್ಲಾಸ್ಟಿಕ್ ತೆಂಗಿನ ಮರವೊಂದು ಬುಡಸಮೇತ ಮಗುಚಿ ಖಾಲಿ ಕುರ್ಚಿಗಳ ಮೇಲೆ ಬಿತ್ತು. ಹುಡುಗಿ ತನ್ನ ಕುಣಿತ ಮುಗಿಸಿದಾಗ ಎದುರಿಗೆ ಹದಿನೈದು ಜನರೂ ಇರಲಿಲ್ಲ. ಉಳಿದ ಮೂರು ವೇಷಗಳು ರಂಗ ಹತ್ತಲೇ ಇಲ್ಲ. ದೋಣಿಯಲ್ಲಿ ಆ ಮೂರೂ ಮಕ್ಕಳು ಅತ್ತು, ಮುಖದ ಬಣ್ಣವೆಲ್ಲ ಇಳಿದು ಕೊರಳಿಗೆ ಹರಿದಿತ್ತು. ಮಾಸ್ಟ್ರು ಅವರ ನಡುವೆ ಮದ್ದಳೆ ಅಪ್ಪಿಕೊಂಡು ಕೂತಿದ್ದರು. ನಾನು ಸ್ಪೀಕರುಗಳ ಹಿಂದೆ ಹೋಗಿ ಕೂತೆ.

ಆಮೇಲಿನ ಹತ್ತು ದಿನದಲ್ಲಿ ಮೂರು ಸಲ ಮಾಸ್ಟ್ರ ರೂಮಿಗೆ ಹೋದೆ. ಒಮ್ಮೆ ಪೆಟ್ಟಿಗೆ ಕಟ್ಟಲು ಹಗ್ಗ ಕೊಟ್ಟೆ, ಒಮ್ಮೆ ಅವರ ಸಾಮಾನು ತೂಕ ಮಾಡಿಸಿಕೊಟ್ಟೆ, ಒಮ್ಮೆ ಸುಮ್ಮನೆ ಚಹಾ ಕುಡಿದು ಬಂದೆ. ಪ್ರತಿ ಸಲವೂ ಹೇಳಬೇಕೆಂದೇ ಹೋದದ್ದು. ಹೇಳದೆಯೇ ಬಂದೆ. ಶುಕ್ರವಾರದ ತರಗತಿ ನಿಂತಿತ್ತು. ನೆಲಮಾಳಿಗೆಯನ್ನು ಬೇರೆ ಯಾರೋ ಸಾಮಾನು ಇಡಲು ತೆಗೆದುಕೊಂಡರಂತೆ.

ಹೊರಡುವ ದಿನ ಮಧ್ಯಾಹ್ನ ನನ್ನ ವ್ಯಾನಿನಲ್ಲೇ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆ. ಅದೇ ಹೂವಿನ ಬೆಡ್‌ಶೀಟ್ ಸುತ್ತಿದ ಮದ್ದಳೆ ಅವರ ಮಡಿಲಲ್ಲಿತ್ತು. ಟ್ರಾಲಿ ತಂದು ಸಾಮಾನು ಏರಿಸಿದೆ. ಕೊನೆಯ ಅವಕಾಶ ಎಂದು ಮನಸ್ಸು ಕೂಗುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಇದು:

"ಊರಾಗ ಕರ್ಣೆ ಹಾಕ್ಸಿದ್ರ ಸರಿ ಆಕ್ಕೈತಿ ಬಿಡ್ರಿ ಮಾಸ್ತರ. ಆ ದ್ವೀಪದ ಹವಾನ ಸುಮಾರ್ ಇತ್ತು."

ಅವರು ಟ್ರಾಲಿಯ ಹಿಡಿಕೆ ಹಿಡಿದವರು ನಿಂತರು.

"ತಂಡಿಗೆ ಹಾಳಾದ ಚರ್ಮ ತಣ್ಣಗಿರ್ತದೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಬಟ್ಟೆ ಬಿಚ್ಚಿ ಕೈ ಇಟ್ಟಾಗ ಅದು ಬಿಸಿ ಇತ್ತು ಮಾರಾಯ್ರೆ. ನೀವು ಸುತ್ತಿಟ್ಟದ್ದಕ್ಕೆ ಬಿಸಿ ಒಳಗೇ ಉಳಿದಿತ್ತು."

"ಗೊತ್ತಿತ್ತೇನ್ರಿ? ಹಂಗಾರ ಅವತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರೆ ನೀವು ಆ ಡಬ್ಬಿಯ ಎದುರು ಕೂರ್ತಿದ್ರಾ? ಮಕ್ಕಳಿಗೆ ಅವತ್ತು ನೀವು ಬೇಕಿತ್ತು."

ಮದ್ದಳೆಯನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡರು.

"ಆಮೇಲೆ ನೀವೇ ಹೇಳ್ತೀರಿ ಅಂತ ಇದ್ದೆ. ಹಗ್ಗ ತಂದಾಗ ಕಾದೆ. ಚಹಾ ಕುಡಿಲಿಕ್ಕೆ ಬಂದಾಗ ಕಾದೆ. ಈಗ ಗಾಡಿಯಲ್ಲೂ ಕಾದೆ."

ಅಷ್ಟು ಹೇಳಿ, "ಬರ್ತೇನೆ" ಎಂದು ಟ್ರಾಲಿ ತಳ್ಳಿಕೊಂಡು ಗಾಜಿನ ಬಾಗಿಲೊಳಗೆ ಹೋದರು.